ಮೊಂಡು ಬಾಣದ ಮೊಲ

ಬಿಲ್ಲು ಹಿಡಿಯುವ ವಯಸ್ಸಾ ಇದು ಎಂದು ಊರಿನಿಂದ ತಮ್ಮ ಫೋನಿನಲ್ಲಿ ನಕ್ಕ. ಹಾಗಾದರೆ ಇದು ಯಾವುದರ ವಯಸ್ಸು ಮಾರಾಯ, ನೀನೇ ಹೇಳು ಎಂದೆ. ಜಪಸರ ಹಿಡಿದು ಮೂಲೆಯಲ್ಲಿ ಕೂರುವ ವಯಸ್ಸು ಎಂದ. ನಾನು ಫೋನ್ ಇಟ್ಟುಬಿಟ್ಟೆ. ಅವನ ಓದಿಗೆ, ತಂಗಿಯರ ಮದುವೆಗೆ ಎಂದು ಕುವೈತಿಗೆ ಬಂದವಳು ನಾನು. ಅವರೆಲ್ಲರದ್ದೂ ಆಯಿತು, ನನ್ನದು ಉಳಿಯಿತು. ಐವತ್ತು ದಾಟಿದವಳಿಗೆ ಇನ್ನು ಮೂಲೆಗೆ ಹೋಗು ಎಂದರೆ ಸಿಟ್ಟು ಬರುವುದಿಲ್ಲವೇ?

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಉಸಿರು ಹಿಡಿಯಿರಿ, ಅಲ್ಲಾಡಬೇಡಿ, ಆಯಿತು ಬಿಡಿ. ಈ ಮೂರು ಮಾತನ್ನು ಅರಬಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ದಿನವಿಡೀ ಹೇಳುತ್ತೇನೆ. ಸಂಜೆ ಮೈದಾನ್ ಹವಲ್ಲಿಯ ಫ್ಲ್ಯಾಟಿಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಿಗ್ಗೆವರೆಗೆ ನನ್ನ ಬಾಯಿಗೆ ರಜೆ. ಕೆಲವೊಮ್ಮೆ ಟಿವಿಗೆ ಬೈಯುತ್ತೇನೆ. ಊಟದ ಮೇಜಿಗೆ ನಾಲ್ಕು ಕುರ್ಚಿ ಇವೆ, ಮೂರರ ಮೇಲೆ ಒಗೆದ ಬಟ್ಟೆಗಳ ರಾಶಿ. ನಾಲ್ಕನೆಯದರಲ್ಲಿ ಕೂತು ಫೋನು ನೋಡುತ್ತಾ ಉಣ್ಣುವುದು. ಏನು ಉಂಡೆ ಎಂದು ಎದ್ದ ಮೇಲೆ ನೆನಪಿರುವುದಿಲ್ಲ.

ಎದುರು ಬಾಗಿಲಿನಲ್ಲಿ ನಮ್ಮ ಕರಾವಳಿ ಕಡೆಯದೇ ಒಂದು ಬ್ಯಾರಿ ಮುಸ್ಲಿಂ ಕುಟುಂಬ ಇತ್ತು. ಗಂಡನಿಗೆ ಸಾಲ್ಮಿಯಾದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಎರಡು ಹೆಣ್ಣುಮಕ್ಕಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಹೆಂಡತಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಅವಳ ಮನೆಯಲ್ಲಿ ಬ್ಯಾರಿ ಭಾಷೆ, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಊರಿನ ಕನ್ನಡ. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಅವಳೂ ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದಳು. ಪ್ರತಿ ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ನನ್ನ ಬಾಗಿಲು ಬಡಿಯುತ್ತಿತ್ತು. ಅವಳ ಕೈಯಲ್ಲಿ ಬಿರಿಯಾನಿಯ ತಟ್ಟೆ.

"ಒಳಗೆ ಬಾರೆ ಮಾರಾಯ್ತಿ, ಐದು ನಿಮಿಷ ಕೂತ್ಕೋ," ಎನ್ನುತ್ತಿದ್ದೆ.

"ಅಯ್ಯೋ ಒಲೆಯಲ್ಲಿ ಇಟ್ಟು ಬಂದಿದ್ದೇನೆ ಬಾಯಮ್ಮ. ಇನ್ನೊಂದು ದಿವಸ."

ಎಷ್ಟೋ ವರ್ಷ ಆ ಇನ್ನೊಂದು ದಿವಸ ಬರಲೇ ಇಲ್ಲ. ಅವಳನ್ನು ದೂರಿ ಫಲವಿಲ್ಲ. ಗಂಡ, ಮಕ್ಕಳು, ಗಂಡನ ತಮ್ಮ, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದುಹೋಗುವ ನೆಂಟರು, ಅವಳಿಗೆ ಕೂರಲಿಕ್ಕೆ ಪುರುಸೊತ್ತು ಎಲ್ಲಿ? ತಟ್ಟೆ ಕೊಟ್ಟು, ಎರಡು ಮಾತು ಆಡಿ, ಓಡುತ್ತಿದ್ದಳು. ಆ ಬಿರಿಯಾನಿಯನ್ನು ನಾನು ಒಬ್ಬಳೇ ಕೂತು ತಿನ್ನುತ್ತಿದ್ದೆ. ಎದುರು ಮನೆಯಿಂದ ಅವರೆಲ್ಲ ಉಣ್ಣುವ ಗದ್ದಲ ಕೇಳುತ್ತಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು.

ಕಳೆದ ಚಳಿಗಾಲದ ಒಂದು ಶುಕ್ರವಾರ ತಟ್ಟೆ ಕೊಟ್ಟವಳು ಓಡಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

"ಖಲಾಸ್ ಬಾಯಮ್ಮ. ವೀಸಾ ಕೊಟ್ಟ ಕಫೀಲ್ ಅಂಗಡಿ ಮುಚ್ತಾನಂತೆ. ಇವರಿಗೆ ಬೇರೆ ಕಡೆ ಆಗ್ಲಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಕೂಡ್ಲೇ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿ ಊರಿಗೆ."

"ಊರಿಗೆ ಅಂದ್ರೆ ರಜೆಗಾ?"

"ಎಂತ ರಜೆ? ಒಮ್ಮೆಗೇ."

ಒಳ್ಳೆಯದಾಯಿತು, ಊರೇ ಚಂದ ಎಂದುಬಿಟ್ಟೆ. ಬಾಗಿಲು ಹಾಕಿದ ಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಕೂತೆ. ತಟ್ಟೆಯ ಬಿರಿಯಾನಿ ತಣ್ಣಗಾಯಿತು. ನನಗೆ ಅಂಥ ದೊಡ್ಡ ಆಸೆ ಇರಲಿಲ್ಲ. ಹೋಗುವ ಮೊದಲು ಒಂದೇ ಒಂದು ಸಲ ಅವಳು ನನ್ನ ಮನೆಯೊಳಗೆ ಬಂದು, ನನ್ನ ಮೇಜಿನಲ್ಲಿ, ನನ್ನ ಎದುರು ಕೂತು, ನಾನು ಮಾಡಿದ್ದನ್ನು ಉಣ್ಣಬೇಕು. ಅಷ್ಟೇ. ಅಷ್ಟೂ ಆಗದೆ ಅವಳು ವಿಮಾನ ಹತ್ತಿದರೆ ನಾನು ಇಲ್ಲಿ ಇಷ್ಟು ವರ್ಷ ಬದುಕಿದ್ದಕ್ಕೆ ಅರ್ಥವೇ ಇಲ್ಲ ಎಂದು ಅನ್ನಿಸಿತು.

ಬಿಲ್ಲಿನ ಹುಚ್ಚು ಅದಕ್ಕೆ ಕೆಲವು ತಿಂಗಳು ಮೊದಲೇ ಶುರುವಾಗಿತ್ತು. ನಮ್ಮ ವಿಭಾಗದಲ್ಲಿ ಒಬ್ಬಳು ಕುವೈತಿ ಡಾಕ್ಟರ್ ಇದ್ದಾಳೆ, ಸಣ್ಣ ಪ್ರಾಯದವಳು, ಒಂದು ಕಡೆ ನಿಲ್ಲುವ ಜಾತಿಯಲ್ಲ. ಸಂಜೆ ನೀನು ಏನು ಮಾಡುತ್ತೀ ಎಂದು ಒಂದು ದಿನ ಕೇಳಿದಳು. ಏನೂ ಇಲ್ಲ ಎಂದೆ. ಏನೂ ಇಲ್ಲ ಎಂದರೆ ಹೇಗೆ, ಯಲ್ಲಾ ನಡಿ ಎಂದು ಕಾರಿನಲ್ಲಿ ಕೂರಿಸಿಕೊಂಡು ಬಿಲ್ಲುಗಾರಿಕೆ ಕಲಿಸುವ ಒಂದು ಹಾಲಿಗೆ ಕರೆದೊಯ್ದಳು. ಅಲ್ಲಿ ಕಲಿಸುವವನು ಒಬ್ಬ ಫಿಲಿಪಿನೋ, ಮೆತ್ತಗಿನ ಮನುಷ್ಯ. ಮೊದಲ ದಿನ ನನ್ನ ಬಾಣ ನನ್ನ ಗುರಿಹಲಗೆಗೆ ತಾಗಲಿಲ್ಲ, ಪಕ್ಕದವಳ ಹಲಗೆಗೆ ತಾಗಿತು. ಹೆದೆ ಸಿಡಿದು ಎಡಗೈಯ ಒಳಭಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಮರುದಿನ ಆಸ್ಪತ್ರೆಯಲ್ಲಿ ಒಬ್ಬಳು ಮಲಯಾಳಿ ನರ್ಸು ನನ್ನನ್ನು ಮೂಲೆಗೆ ಕರೆದು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಮೆಲ್ಲಗೆ ಕೇಳಿದಳು. ಹೊಡೆಯಲಿಕ್ಕಾದರೂ ಯಾರಿದ್ದಾರೆ ತಾಯಿ ಎಂದು ನಕ್ಕೆ. ಅವಳು ನಗಲಿಲ್ಲ.

ನಿಲ್ಲುವುದು, ಭುಜ ಇಳಿಸುವುದು, ಹೆದೆಯನ್ನು ದವಡೆಯ ಮೂಲೆಗೆ ಎಳೆದು ತರುವುದು, ಬೆರಳು ಕೀಳದೆ ಸುಮ್ಮನೆ ಸಡಿಲ ಬಿಡುವುದು. ಹೇಳಲಿಕ್ಕೆ ಇಷ್ಟೇ, ಮಾಡಲಿಕ್ಕೆ ತಿಂಗಳುಗಟ್ಟಲೆ ಬೇಕಾಯಿತು. "ಅರ್ಧ ಉಸಿರು ಬಿಟ್ಟು, ಅಲ್ಲೇ ನಿಲ್ಸಿ ಮ್ಯಾಡಮ್. ಅಲ್ಲಾಡಬೇಡಿ," ಎಂದು ಕಲಿಸುವವನು ಹೇಳಿದಾಗ ನನಗೆ ನಗು ತಡೆಯಲಿಲ್ಲ. ಇಡೀ ಊರಿಗೆ ಇದನ್ನೇ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು, ಈಗ ಇನ್ನೊಬ್ಬನಿಂದ ಹೇಳಿಸಿಕೊಳ್ಳುವಂತಾಯಿತಲ್ಲ!

ಬೇಟೆಯ ಮಾತು ಬಂದದ್ದು ಡಾಕ್ಟರಿಂದ. ಅವಳ ತಂದೆಗೆ ವಫ್ರಾದ ಕಡೆ ತೋಟ ಉಂಟು, ಟೊಮೆಟೊ, ಸೌತೆ, ಲೆಟ್ಯೂಸು ಬೆಳೆಯುತ್ತಾರೆ. ಮೊಮ್ಮಕ್ಕಳು ಆಡಲಿ ಎಂದು ಅಜ್ಜ ಶುಕ್ರವಾರದ ಸಂತೆಯಿಂದ ಕೆಲವು ಮೊಲ ತಂದಿದ್ದ. ಅವು ಬೇಲಿಯ ಅಡಿಯಲ್ಲಿ ಬಿಲ ತೋಡಿ ಹೊರಬಿದ್ದು, ಸಂಸಾರ ಬೆಳೆಸಿ, ಈಗ ಲೆಟ್ಯೂಸಿನ ಸಾಲುಗಳನ್ನೇ ಬೋಳು ಮಾಡುತ್ತಿದ್ದವು. ಕೆಲಸದವರ ಕೋಣೆಗಳು ಹತ್ತಿರ ಇರುವುದರಿಂದ ಅಜ್ಜ ಕೋವಿ ಬೇಡ ಎಂದಿದ್ದ. ನಮ್ಮ ತೋಟ, ನಮ್ಮ ಮೊಲ, ಬಿಲ್ಲು ಹಿಡಿದು ಬಾ ಎಂದಳು ಡಾಕ್ಟರ್.

ಅವರು ಊರಿಗೆ ಹೋಗುವ ಸುದ್ದಿ ಬಂದ ಮರುವಾರ ಈ ಮೊಲದ ಕಥೆಯನ್ನು ಎದುರು ಮನೆಯವಳಿಗೆ ಹೇಳಿದ್ದೇ ತಡ, ಅವಳ ಕಣ್ಣು ಅರಳಿತು.

"ಮೊಲವಾ? ಬಾಯಮ್ಮ, ನಾನು ಸಣ್ಣವಳಿರುವಾಗ ನಮ್ಮ ಬಾಪ ಗುಡ್ಡೆಯಿಂದ ತರ್ತಿದ್ರು. ಮದುವೆ ಆದ ಮೇಲೆ ಒಂದು ತುಂಡು ತಿನ್ಲಿಲ್ಲ. ಇಲ್ಲಿ ಎಲ್ಲಿ ಸಿಗ್ತದೆ?"

"ನಾನು ಹೊಡ್ದು ತಂದ್ರೆ ನಮ್ಮಲ್ಲಿಗೆ ಊಟಕ್ಕೆ ಬರ್ತೀಯಾ? ತಟ್ಟೆ ತೆಗೊಂಡು ಓಡುದಲ್ಲ, ಕೂತು ಉಣ್ಬೇಕು."

"ಹೊಡಿರಿ ನೋಡುವ! ಹೊಡೆದ್ರೆ ಗಂಡ ಮಕ್ಕಳನ್ನು ಬಿಟ್ಟು ಒಬ್ಳೇ ಬರ್ತೇನೆ. ಆಣೆ."

ಸರಿ, ಅಲ್ಲಿಗೆ ನನಗೆ ಹಟ ಹತ್ತಿತು. ಕೋಳಿ ಸಾರಿಗೆ ಕರೆದಿದ್ದರೆ ಅವಳು ಮತ್ತೆ ಇನ್ನೊಂದು ದಿವಸ ಎನ್ನುತ್ತಿದ್ದಳು. ಮೊಲಕ್ಕಾದರೆ ಬರುತ್ತಾಳೆ. ಆದರೆ ಮುಸ್ಲಿಮರ ಊಟದ ವಿಷಯ, ಕೇಳಿಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರ ಹತ್ತಿರ ವಿಚಾರಿಸಿದೆ. ಬೇಟೆಯ ಮಾಂಸ ನಿಮಗೆ ಆಗುತ್ತದಾ, ನಾನು ಕ್ರಿಶ್ಚಿಯನ್ ಹೊಡೆದರೆ ಆಗುತ್ತದಾ ಎಂದೆ. ಯಾಕಾಗಬಾರದು, ಬಾಣ ಬಿಡುವಾಗ ದೇವರ ಹೆಸರು ಹೇಳು, ಬಿಸ್ಮಿಲ್ಲಾ ಅನ್ನು, ಮುಗಿಯಿತು ಎಂದಳು. ಅವಳಿಗೆ ಆ ಮೊಲಗಳನ್ನು ತಿನ್ನುವ ಆಲೋಚನೆಯೇ ಇರಲಿಲ್ಲ, ಲೆಟ್ಯೂಸು ಉಳಿದರೆ ಸಾಕಿತ್ತು. ನಾನೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಊರಿನಲ್ಲಿದ್ದಾಗ ಬ್ಯಾರಿಗಳ ಮನೆಯಲ್ಲಿ ಒಂದು ಕೋಳಿಗೂ ಕೊಯ್ಯುವ ಕ್ರಮ ಉಂಟು ಎಂದು ಗೊತ್ತಿತ್ತು. ಕುವೈತಿಗೆ ಬಂದ ಮೇಲೆ ಯಾವ ಅಂಗಡಿಗೆ ಹೋದರೂ ಎಲ್ಲವೂ ಹಲಾಲ್. ನಾನು ತಂದದ್ದನ್ನು ಯಾರೂ ಕೇಳಬೇಕಾಗಿಲ್ಲ, ನಾನೂ ನೋಡಬೇಕಾಗಿಲ್ಲ. ಹಾಗಾಗಿ ಆ ವಿಷಯವೇ ತಲೆಯಿಂದ ಬಿಟ್ಟುಹೋಗಿತ್ತು.

ಬಾಣದ ಮೂತಿಯನ್ನು ಆರಿಸಿಕೊಟ್ಟವನು ಫಿಲಿಪಿನೋ. ಹೆಬ್ಬೆರಳಿನಷ್ಟು ದಪ್ಪದ ಮೊಂಡು ರಬ್ಬರು. ಇದರಿಂದ ಏನು ಸಾಯುತ್ತದೆ, ಸೊಳ್ಳೆಯಾ ಎಂದು ಕೇಳಿದೆ. ಸಣ್ಣ ಪ್ರಾಣಿಗೆ ಹೊಸಬರು ಇದನ್ನೇ ಬಳಸುವುದು ಎಂದ. ಚೂಪು ಬಾಣ ಮೊಲವನ್ನು ದಾಟಿ ಮರಳಿನಲ್ಲಿ ಹೂತುಹೋಗುತ್ತದೆ, ಹುಡುಕಲಿಕ್ಕೆ ಸಿಗುವುದಿಲ್ಲ. ಇದು ತಲೆಗೆ ಬಡಿದರೆ ಪ್ರಾಣಿ ನರಳುವುದಿಲ್ಲ, ಅಲ್ಲೇ ಹೋಗುತ್ತದೆ. ಡಾಕ್ಟರಿಗೂ ಅದೇ ಬೇಕಿತ್ತು, ಹಸಿರುಮನೆಯ ಪ್ಲಾಸ್ಟಿಕ್ಕಿಗೆ, ನೀರಿನ ಪೈಪಿಗೆ ತೂತು ಬೀಳುವುದಿಲ್ಲ. ಹೆದೆಯ ಸದ್ದಿಗೆ ಮೊಲ ಹಾರುತ್ತದೆ ಎಂದು ಅವನು ಅದಕ್ಕೆ ಎರಡು ಉಣ್ಣೆಯ ಕುಚ್ಚು ಕಟ್ಟಿಕೊಟ್ಟ.

ಆಮೇಲೆ ಶುಕ್ರವಾರ ಬೆಳಗಾಗುವ ಮೊದಲೇ ಡಾಕ್ಟರ ಕಾರು ನಮ್ಮ ಕಟ್ಟಡದ ಕೆಳಗೆ ಬರತೊಡಗಿತು. ತೋಟ ಸೇರಿದ ಮೇಲೆ ಅವಳು ತಂದೆಯ ಜೊತೆ ಚಹಾ ಕುಡಿಯುತ್ತಾ ಕೂರುವಳು. ನಾನು ಖರ್ಜೂರದ ಮರದ ಬುಡದಲ್ಲಿ ಟೊಮೆಟೊ ಕ್ರೇಟನ್ನು ಬೋರಲು ಹಾಕಿ ಕೂರುವೆ. ಮೊದಲ ಸಲ ಗಾಳಿಯ ದಿಕ್ಕು ತಪ್ಪಿತು, ಒಂದು ಮೊಲವೂ ಹೊರಗೆ ಮೂಗು ಹಾಕಲಿಲ್ಲ. ಇನ್ನೊಂದು ಸಲ ಬಿಲ್ಲೆತ್ತಿದಾಗ ನನ್ನ ನೆರಳೇ ಮೊದಲು ಹೋಗಿ ಅವಕ್ಕೆ ಸುದ್ದಿ ಮುಟ್ಟಿಸಿತು. ಮತ್ತೊಂದು ಸಲ ಎಲ್ಲ ಸರಿಯಿತ್ತು, ಸೀನು ಬಂತು. ಒಂದು ದಿನವಂತೂ ಬಾಣ ಲೆಟ್ಯೂಸಿನ ಗಡ್ಡೆಗೆ ಬಡಿದು ಎಲೆಗಳು ಹಾರಿದವು, ಮೊಲ ಎರಡು ಹಾರು ಆಚೆ ಹೋಗಿ ನಿಂತು ನನ್ನನ್ನೇ ನೋಡಿತು. ಎಂತ ನೋಡ್ತಿ ಹಾಳಾದ್ದೇ ಎಂದು ಕೂಗಿದೆ. ಅಲ್ಲಿಗೆ ಆ ದಿನದ ಬೇಟೆ ಮುಗಿಯಿತು.

ಹಾಗೆಂದು ಬೇಸರವಾಗಲಿಲ್ಲ. ಫ್ಲ್ಯಾಟಿನಲ್ಲಿ ಒಬ್ಬಳೇ ಸುಮ್ಮನೆ ಕೂತರೆ ಅಯ್ಯೋ ಪಾಪ, ಇಲ್ಲಿ ಒಬ್ಬಳೇ ಸುಮ್ಮನೆ ಕೂತರೆ ಅದು ಕೆಲಸ. ಸುಮ್ಮನಿರುವುದರಲ್ಲಿ ನನ್ನಷ್ಟು ಪಳಗಿದವರು ಆ ತೋಟದಲ್ಲಿ ಯಾರೂ ಇರಲಿಲ್ಲ. ಚಳಿಗೆ ಬೆರಳು ಸೆಟೆಯುತ್ತಿತ್ತು, ದೂರದಲ್ಲಿ ಪಂಪು ಗುಡುಗುಡು ಎನ್ನುತ್ತಿತ್ತು, ಮರಳಿನ ಮೇಲೆ ಬೆಳಕು ಬೀಳುತ್ತಿತ್ತು. ಆಗ ನನಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ. ಆದರೆ ವಾಪಸು ಬರುವ ದಾರಿಯಲ್ಲಿ ಕಾರು ಪೇಟೆಯನ್ನು ಸೇರುತ್ತಿದ್ದ ಹಾಗೆ ಮನಸ್ಸು ಭಾರವಾಗುತ್ತಿತ್ತು. ಎದುರು ಮನೆಯ ಬಾಗಿಲ ಹೊರಗೆ ರಟ್ಟಿನ ಪೆಟ್ಟಿಗೆಗಳು ಪ್ರತಿ ವಾರ ಹೆಚ್ಚುತ್ತಿದ್ದವು. "ಎಂತ ಬಾಯಮ್ಮ, ಮೊಲ ಇವತ್ತೂ ಬದುಕಿತಾ?" ಎಂದು ಅವಳು ಕೇಳುತ್ತಿದ್ದಳು. ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಒಳಗೆ ಹೋಗಿ ಅಳುತ್ತಿದ್ದೆ.

ಅವರು ಹೊರಡುವುದು ಭಾನುವಾರ ಎಂದಾಯಿತು. ನನಗೆ ಉಳಿದದ್ದು ಒಂದೇ ಶುಕ್ರವಾರ. ಆ ದಿನ ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು, ನೆರಳು ಹಿಂದೆ ಇತ್ತು. ಬಿಲದ ಬಾಯಿಂದ ಕಂದು ಬಣ್ಣದ ಒಂದು ಗಂಡು ಮೊಲ ಹೊರಬಂದು, ಎಲೆ ಕಚ್ಚಿ, ಕಿವಿ ನನ್ನ ಕಡೆಗೆ ತಿರುಗಿಸಿ ಕೂತಿತು. ಹತ್ತು ಹೆಜ್ಜೆಯ ದೂರವೂ ಇರಲಿಲ್ಲ. ಅರ್ಧ ಉಸಿರು ಬಿಟ್ಟೆ. ಹೆದೆ ದವಡೆಗೆ ಬಂತು. ಬಿಸ್ಮಿಲ್ಲಾ ಎಂದೆ, ತುಟಿಯಲ್ಲೇ, ಆದರೆ ಸ್ಪಷ್ಟವಾಗಿ. ಬೆರಳು ತಾನಾಗಿ ಸಡಿಲವಾಯಿತು. ಟಪ್ ಎಂದು ಒದ್ದೆ ಬಟ್ಟೆ ಒಗೆದ ಸದ್ದು. ಮೊಲ ಬದಿಗೆ ಉರುಳಿತು, ಹಿಂಗಾಲು ಒಮ್ಮೆ ಅದುರಿತು, ಅಷ್ಟೇ.

ಓಡಿಹೋಗಿ ನೋಡುವಾಗ ಅದರಲ್ಲಿ ಜೀವ ಇರಲಿಲ್ಲ. ಮೈ ಬೆಚ್ಚಗಿತ್ತು. ಮಂಡಿಯೂರಿ ಅದರ ಕಿವಿ ಮುಟ್ಟಿದೆ. ಪಾಪದ ಪ್ರಾಣಿ, ನನ್ನ ಒಂದು ಊಟಕ್ಕಾಗಿ ಹೋಯಿತು ಎಂದು ದುಃಖವಾಯಿತು. ಅದಾದ ಮೇಲೆ, ಸುಳ್ಳು ಹೇಳುವುದಿಲ್ಲ, ಸಂತೋಷ ಉಕ್ಕಿಬಂತು. ಅವಳು ಬರುತ್ತಾಳೆ! ನಾನು ಅಲ್ಲಿಯೇ ನೀರಿನ ನಲ್ಲಿಯ ಬಳಿ ಚರ್ಮ ಸುಲಿದು ತೊಳೆದು ಡಬ್ಬಿಗೆ ತುಂಬಿದೆ. ಹಬ್ಬಕ್ಕೆ ಅಂಗಳದಲ್ಲೇ ಮಾಂಸ ಮಾಡುವ ಮನೆಯಲ್ಲಿ ಬೆಳೆದವಳಿಗೆ ಇದೆಲ್ಲ ಹೊಸದಲ್ಲ. ಕಾರಿನಿಂದಲೇ ಅವಳಿಗೆ ಫೋನ್ ಮಾಡಿದೆ.

"ಸತ್ತಿತು! ನಮಾಜು ಮುಗಿದು ಗಂಡ ಮಕ್ಕಳಿಗೆ ಬಡಿಸಿ ಬಾ."

"ಅಲ್ಲಾ! ನಿಜವಾ ಬಾಯಮ್ಮ? ಬರ್ತೇನೆ, ಬರ್ತೇನೆ."

ಕುರ್ಚಿಗಳ ಮೇಲಿನ ಬಟ್ಟೆಯನ್ನೆಲ್ಲ ಮಂಚಕ್ಕೆ ಎಸೆದೆ. ಹಿಟ್ಟು ಹಿಂದಿನ ದಿನವೇ ಈಸ್ಟು ಹಾಕಿ ಇಟ್ಟಿದ್ದೆ, ಮೊಲ ಬೀಳದಿದ್ದರೆ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಇಡ್ಲಿಯಂಥ ನಮ್ಮ ಸನ್ನ ಬೇಯಿಸಿದೆ. ತೆಂಗಿನಕಾಯಿ ಹುರಿದು, ಊರಿನಿಂದ ತಂದ ಬಾಫಾತ್ ಮಸಾಲೆ ಪುಡಿ ಹಾಕಿ, ಮೊಲವನ್ನು ಸಣ್ಣ ಉರಿಯಲ್ಲಿ ಇಟ್ಟೆ. ಲಿಫ್ಟಿನವರೆಗೂ ಪರಿಮಳ ಹೋಗಿತ್ತಂತೆ.

ಅವಳು ಬಂದಳು. ಒಳ್ಳೆಯ ಬಟ್ಟೆ ಹಾಕಿಕೊಂಡು, ಬರಿಗೈಯಲ್ಲಿ, ನನ್ನ ಮನೆಯೊಳಗೆ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಬಡಿಸಿದೆ. ಅವಳು ತಟ್ಟೆಯ ಮೇಲೆ ಬಾಗಿ ವಾಸನೆ ನೋಡಿ ಕಣ್ಣು ಮುಚ್ಚಿದಳು.

"ನಮ್ಮ ಬಾಪನ ನೆನಪಾಯ್ತು ಬಾಯಮ್ಮ."

"ಬಿಸ್ಮಿಲ್ಲಾ ಹೇಳಿಯೇ ಬಿಟ್ಟದ್ದು ಗೊತ್ತುಂಟಾ?" ಎಂದೆ. ಹೆಮ್ಮೆಯಿಂದ ನನ್ನ ದನಿ ಒಂದು ಸುತ್ತು ಏರಿತ್ತು.

"ಹೌದಾ! ಅಯ್ಯೋ ನಮ್ಮ ಬಾಯಮ್ಮ!" ಎಂದು ಅವಳು ನಕ್ಕು, ಸನ್ನ ಮುರಿದು, ಒಂದು ತುಂಡು ಮಾಂಸ ಸೇರಿಸಿ ಎತ್ತಿದಳು.

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಇಷ್ಟು ವರ್ಷದ ಮಾತೆಲ್ಲ ಒಟ್ಟಿಗೆ ಹೊರಡುವ ಗಡಿಬಿಡಿಯಲ್ಲಿತ್ತು. ಬಾಣ ತೋರಿಸುತ್ತೇನೆ ಇರು ಎಂದು ಎದ್ದು ತಂದೆ. "ನೋಡು, ಚೂಪೇ ಇಲ್ಲ, ಬರೀ ರಬ್ಬರು! ತಲೆಗೆ ಒಂದೇ ಪೆಟ್ಟು. ಒಂದು ಹನಿ ರಕ್ತ ಬರ್ಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಜೀವ ಹೋಗಿತ್ತು."

ತುತ್ತು ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ಕೊಯ್ಲಿಲ್ವಾ?"

"ಸತ್ತದ್ದನ್ನು ಎಂತ ಕೊಯ್ಯುದು?"

ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. ಮುಖ ಸಣ್ಣದಾಯಿತು. "ಬಾಯಮ್ಮ... ಚೂಪು ತಾಗಿ ರಕ್ತ ಬಂದು ಸತ್ತಿದ್ರೆ ಆಗ್ತಿತ್ತು. ಜೀವ ಇರುವಾಗ ಕೊಯ್ದಿದ್ರೂ ಆಗ್ತಿತ್ತು. ಇದು ಬಡಿದು ಸತ್ತದ್ದು. ನಮಗೆ ಆಗುದಿಲ್ಲ."

"ಬಿಸ್ಮಿಲ್ಲಾ ಹೇಳಿದ್ದೇನಲ್ಲ!"

"ಹೇಳಿದ್ರೂ ಆಗುದಿಲ್ಲ."

ನನಗೆ ತಲೆ ಕೆಟ್ಟುಹೋಯಿತು. ಬಾಣವನ್ನು ನೆಲಕ್ಕೆ ಎಸೆದೆ. ಇಷ್ಟು ವರ್ಷ ಕರೆದರೂ ಬರಲಿಲ್ಲ, ಬಂದ ದಿನ ಹೀಗೆ, ಚಳಿಯಲ್ಲಿ ಎಷ್ಟು ಶುಕ್ರವಾರ ಸತ್ತೆ ಗೊತ್ತುಂಟಾ ನಿನಗೆ, ನಿಮ್ಮ ಕ್ರಮವೂ ಬೇಡ ನಿಮ್ಮ ಊಟವೂ ಬೇಡ ಎಂದು ಬಾಯಿಗೆ ಬಂದದ್ದು ಅಂದೆ. ಅವಳು ಎದ್ದು ಹೋಗುತ್ತಾಳೆ ಎಂದೇ ಎಣಿಸಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನನ್ನ ಕೂಗು ಮುಗಿದ ಮೇಲೆ ಮೆಲ್ಲಗೆ ಹೇಳಿದಳು: "ನೀವು ಹೇಳದಿದ್ರೆ ನಾನು ತಿಂದು ಮುಗಿಸ್ತಿದ್ದೆ ಬಾಯಮ್ಮ. ಗೊತ್ತಿಲ್ಲದೆ ತಿಂದದ್ದು ದೇವರು ಹಿಡಿಯುದಿಲ್ಲ. ಹೇಳಿಬಿಟ್ರಲ್ಲ."

ನಾನು ಕುರ್ಚಿಯಲ್ಲಿ ಕುಸಿದು ಕೂತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ಮೂಗು ಒರೆಸಿಕೊಳ್ಳುತ್ತಾ. ಅವಳು ಅಡುಗೆಮನೆಗೆ ಹೋದ ಸದ್ದು ಕೇಳಿತು. ಕೈ ತೊಳೆದು ಬೇರೆ ತಟ್ಟೆ ತಂದು, ತನಗೊಂದು ಬರೀ ಸನ್ನ ಹಾಕಿಕೊಂಡಳು. ಆಮೇಲೆ ನನ್ನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿ, ಸೌಟು ಹಿಡಿದು ನನಗೆ ಬಡಿಸಿದಳು.

"ಉಣ್ಣಿ. ನಾನು ಕೂತಿದ್ದೇನೆ."

ಉಂಡೆ. ಮೊಲ ಚೆನ್ನಾಗಿ ಬೆಂದಿತ್ತು. ಅವಳು ಸನ್ನದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾ ಊರಿನ ಬಾಡಿಗೆ ಮನೆಯ ವಿಷಯ, ಮಕ್ಕಳನ್ನು ಸೇರಿಸುವ ಶಾಲೆಯ ವಿಷಯ ಹೇಳಿದಳು. ನಾನು ಆಸ್ಪತ್ರೆಯ ಕಥೆ ಹೇಳಿದೆ. ಎದುರು ಮನೆಯಿಂದ ಯಾರೋ ಉಮ್ಮಾ ಎಂದು ಕರೆದರು. ಅವಳು ಬಾಗಿಲ ಕಡೆ ನೋಡಿದಳು, ನನ್ನ ತಟ್ಟೆಯ ಕಡೆ ನೋಡಿದಳು. ತಟ್ಟೆ ಖಾಲಿಯಾಗಿತ್ತು.

"ಇನ್ನೊಂದು ತುಂಡು ಹಾಕ್ಲಾ ಬಾಯಮ್ಮ? ಸಾಕಾ?"

ನನಗೆ ಹೊಟ್ಟೆ ಗಂಟಲಿನವರೆಗೆ ತುಂಬಿತ್ತು. ಸಾಕು ಎಂದರೆ ಅವಳು ಏಳುತ್ತಾಳೆ.

"ಹಾಕು," ಎಂದೆ.